17 ಸೆಂಟಿಮೀಟರ್ ಎಲ್ಲಿಂದ ಎಲ್ಲಿಗೆ?

ತಾಳಮದ್ದಳೆಯ ಒಂದು ರೆಕಾರ್ಡಿಂಗ್ ನನ್ನ ಹಾರ್ಡ್ ಡಿಸ್ಕಿನಲ್ಲಿ ಇನ್ನೂ ಬಿದ್ದಿದೆ. ಅಳಿಸಿಲ್ಲ, ಯಾರಿಗೂ ಕೇಳಿಸಿಯೂ ಇಲ್ಲ. ಅದರಲ್ಲಿ ವಾಲಿ ಎಡಗಡೆ ಸ್ಪೀಕರಿನ ಡಬ್ಬಿಯೊಳಗೇ ಕೂತು ಮಾತಾಡುತ್ತಾನೆ, ರಾಮ ಬಲಗಡೆ ಡಬ್ಬಿಯೊಳಗೆ. ಭಾಗವತರು ಪದ ಹೇಳುತ್ತ ಸ್ವಲ್ಪ ಓಲಾಡಿದರೂ ಅವರ ದನಿ ಅದರ ಎರಡರಷ್ಟು ಓಲಾಡುತ್ತದೆ. ಅವರ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದ ಮದ್ದಳೆಗಾರರು ಒಂದು ಮಾರು ಆಚೆ ಸರಿದು ಕೂತು ನುಡಿಸಿದ ಹಾಗಿದೆ.

ಮೈಕು ಒಳ್ಳೆಯವೇ. ರೆಕಾರ್ಡರ್ ಕೂಡ ತಕರಾರು ಮಾಡಿರಲಿಲ್ಲ. ಎಡವಟ್ಟಾದದ್ದು ಎರಡು ಮೈಕುಗಳನ್ನು ಒಂದೇ ಸ್ಟ್ಯಾಂಡಿನ ಮೇಲೆ ಹಿಡಿದಿಟ್ಟಿದ್ದ, ಒಂದು ಗೇಣಿಗಿಂತ ತುಸು ಉದ್ದದ ಲೋಹದ ಪಟ್ಟಿಯ ಹತ್ತಿರ. ಸ್ಟೀರಿಯೊ ಬಾರ್ ಅನ್ನುತ್ತಾರೆ ಅದಕ್ಕೆ. ಟೇಪು ಹಿಡಿದು ಸರಿಯಾಗಿ 17 ಸೆಂಟಿಮೀಟರ್ ಅಳೆದೇ ಕಟ್ಟಿದ್ದೆ. ಆದರೆ ಅಳೆದ ಜಾಗ ತಪ್ಪಿತ್ತು.

ಬಾರ್ ನೋಡಲು ಏನೂ ಅಲ್ಲ. ನಡುವೆ ಸ್ಟ್ಯಾಂಡಿಗೆ ಕೂರುವ ಒಂದು ಮರೆ (ತಿರುಪಿನ ಸುತ್ತು ಕೊರೆದ ತೂತು), ಎರಡೂ ಕಡೆ ಉದ್ದಕ್ಕೆ ಸೀಳಿದ ಗಾಡಿ, ಅಂದರೆ ಸಂದು, ಆ ಗಾಡಿಯಲ್ಲಿ ಜಾರುವ ಎರಡು ತಿರುಪು, ತಿರುಪಿನ ಮೇಲೆ ಎರಡು ಮೈಕ್ ಕ್ಲಿಪ್. ಒಳ್ಳೆಯದಾದರೆ ಪಟ್ಟಿಯ ಮೇಲೆ ಸೆಂಟಿಮೀಟರ್ ಗೆರೆಗಳನ್ನೂ ಕೊರೆದಿರುತ್ತಾರೆ. ಈ ಗೆರೆಗಳೇ ನನ್ನನ್ನು ದಾರಿ ತಪ್ಪಿಸಿದ್ದು. ಅದಕ್ಕೆ ಮೊದಲು, ಎರಡು ಮೈಕುಗಳ ನಡುವೆ ಅಂತರ ಯಾಕೆ, ಕೋನ ಯಾಕೆ ಅನ್ನುವುದನ್ನು ನೋಡೋಣ.

ಕಣ್ಣು ಮುಚ್ಚಿಕೊಂಡಿದ್ದರೂ ಕರೆದವರು ಯಾವ ಕಡೆ ಇದ್ದಾರೆಂದು ನಮಗೆ ಗೊತ್ತಾಗುತ್ತದೆ. ಕಿವಿ ಇದಕ್ಕೆ ಎರಡು ಸುಳಿವು ಹಿಡಿಯುತ್ತದೆ. ಎಡದಿಂದ ಬಂದ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ, ಬಲಗಿವಿಗೆ ಚೂರು ತಡವಾಗಿ. ತಡವೆಂದರೆ ಎಷ್ಟು? ಪೂರ್ತಿ ಪಕ್ಕದಿಂದ ಬಂದರೂ 0.6ರಿಂದ 0.7 ಮಿಲಿಸೆಕೆಂಡ್. ಇನ್ನೊಂದು ಸುಳಿವು ಜೋರು: ತಲೆ ಅಡ್ಡ ಇರುವುದರಿಂದ ಆಚೆ ಕಿವಿಗೆ ಸದ್ದು ಮೆತ್ತಗೆ ಬೀಳುತ್ತದೆ, ಅದರಲ್ಲೂ ತಾರದ ಸದ್ದುಗಳು. ದಪ್ಪ ಸದ್ದಿಗೆ ಹೊತ್ತಿನ ವ್ಯತ್ಯಾಸ, ತೆಳು ಸದ್ದಿಗೆ ಜೋರಿನ ವ್ಯತ್ಯಾಸ ಎಂಬ ಈ ಇಬ್ಬಗೆಯ ವಿವರಣೆಯನ್ನು ಲಾರ್ಡ್ ರೇಲಿ 1907ರಲ್ಲೇ ಕೊಟ್ಟಿದ್ದರು.

ಎರಡು ಮೈಕುಗಳೂ ಈ ಎರಡು ವ್ಯತ್ಯಾಸಗಳನ್ನೇ ಹುಟ್ಟಿಸಬೇಕು. ಮೈಕುಗಳನ್ನು ದೂರ ದೂರ ಇಟ್ಟರೆ ಹೊತ್ತಿನ ವ್ಯತ್ಯಾಸ. ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೆ ಜೋರಿನ ವ್ಯತ್ಯಾಸ, ಆದರೆ ಇದಕ್ಕೆ ದಿಕ್ಕು ಬಲ್ಲ ಮೈಕು ಬೇಕು. ಕಾರ್ಡಿಯಾಯ್ಡ್ ಎನ್ನುವ ಬಗೆಯ ಮೈಕು ಎದುರಿನದನ್ನು ಪೂರ್ತಿ ಹಿಡಿಯುತ್ತದೆ, ನೇರ ಪಕ್ಕದ್ದನ್ನು ಅರ್ಧಕ್ಕೆ ಇಳಿಸುತ್ತದೆ (6 ಡೆಸಿಬೆಲ್ ಕಡಿಮೆ), ಬೆನ್ನ ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡು. ಓಮ್ನಿ ಮೈಕಿಗೆ ಎಲ್ಲ ದಿಕ್ಕೂ ಒಂದೇ, ಅದನ್ನು ಹೇಗೆ ತಿರುಗಿಸಿದರೂ ಜೋರಿನ ವ್ಯತ್ಯಾಸ ಹುಟ್ಟುವುದಿಲ್ಲ. ಅದಕ್ಕೆ ದೂರವೇ ಗತಿ.

ಸ್ಟೀರಿಯೊ ಜೋಡಣೆಗಳಿಗೆ ಇರುವ ಹೆಸರುಗಳೆಲ್ಲ ಈ ಎರಡರ ಬೇರೆ ಬೇರೆ ಪಾಕ. ಎಕ್ಸ್‌ವೈ ಅಂದರೆ ಎರಡು ಕಾರ್ಡಿಯಾಯ್ಡ್‌ಗಳ ಮೂತಿ ಒಂದರ ಮೇಲೊಂದು, ನಡುವೆ 90 ಡಿಗ್ರಿ, ಅಂತರ ಸೊನ್ನೆ: ಬರೀ ಜೋರು. ಎಬಿ ಅಂದರೆ ಎರಡು ಓಮ್ನಿ, ಸಾಮಾನ್ಯವಾಗಿ 40ರಿಂದ 60 ಸೆಂಟಿಮೀಟರ್ ದೂರ: ಬರೀ ಹೊತ್ತು. ನಡುವಿನ ದಾರಿ ಹಿಡಿದವರು ಯುರೋಪಿನ ರೇಡಿಯೊದವರು. ಫ್ರೆಂಚ್ ರೇಡಿಯೊದವರದು 17 ಸೆಂಟಿಮೀಟರ್, 110 ಡಿಗ್ರಿ. ಅವರ ಸಂಸ್ಥೆಯ ಹೆಸರಿನಿಂದಲೇ ಅದು ಓಆರ್‌ಟಿಎಫ್ ಆಯಿತು. ಡಚ್ಚರದು 30 ಸೆಂಟಿಮೀಟರ್, 90 ಡಿಗ್ರಿ, ಅದು ಎನ್‌ಒಎಸ್. ಈ ಎರಡರಲ್ಲೂ ಹೊತ್ತು, ಜೋರು ಎರಡೂ ಕೆಲಸ ಮಾಡುತ್ತವೆ.

ಲೆಕ್ಕ ಒಂದು ಹಾಕಿ ನೋಡಿದರೆ ಅಂದಾಜು ಸಿಗುತ್ತದೆ. ನಟ್ಟನಡುವಿನಿಂದ ಎಡಕ್ಕೆ 30 ಡಿಗ್ರಿ ಸರಿದು ಕೂತವರ ದನಿ ಎಕ್ಸ್‌ವೈ ಜೋಡಿಯ ಎಡ ಮೈಕಿನಲ್ಲಿ ಬಲಕ್ಕಿಂತ ಸುಮಾರು 4 ಡೆಸಿಬೆಲ್ ಜೋರಾಗಿರುತ್ತದೆ, ಅಷ್ಟೇ. ಓಆರ್‌ಟಿಎಫ್‌ನಲ್ಲಿ ಸುಮಾರು 5 ಡೆಸಿಬೆಲ್, ಅದರ ಜೊತೆಗೆ ಕಾಲು ಮಿಲಿಸೆಕೆಂಡ್ ಮುಂಚೆ. ಆ ಕಾಲು ಮಿಲಿಸೆಕೆಂಡೇ ದನಿಯನ್ನು ಇನ್ನಷ್ಟು ಎಡಕ್ಕೆ ಎಳೆಯುತ್ತದೆ, ಸಭಾಭವನದ ಗಾಳಿಯನ್ನೂ ಜೊತೆಗೆ ತರುತ್ತದೆ. ಎಕ್ಸ್‌ವೈ ಕಟ್ಟುನಿಟ್ಟು, ಆದರೆ ಕೊಂಚ ಚಪ್ಪಟೆ ಅನ್ನಿಸುವುದು ಅದಿಲ್ಲದ್ದರಿಂದ.

ಬೇರೆ ಬೇರೆ ಎರಡು ಸ್ಟ್ಯಾಂಡ್ ಇಟ್ಟರೂ ಇದೆಲ್ಲ ಆಗುತ್ತದಲ್ಲ, ಬಾರ್ ಯಾಕೆ? 50 ಸೆಂಟಿಮೀಟರ್ ಎಬಿಗೆ ಎರಡು ಸ್ಟ್ಯಾಂಡ್ ಸಾಕು, ನಡೆಯುತ್ತದೆ. 17 ಸೆಂಟಿಮೀಟರಿಗೆ ಎರಡು ಸ್ಟ್ಯಾಂಡ್ ಇಡಲು ಹೋದರೆ ಅವುಗಳ ಕಾಲುಗಳೇ ಒಂದಕ್ಕೊಂದು ತೊಡರುತ್ತವೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಎರಡು ಸ್ಟ್ಯಾಂಡಿನಲ್ಲಿ ಒಂದನ್ನು ಯಾರೋ ಕಾಲಲ್ಲಿ ತಳ್ಳಿದರೆ ಅಂತರ, ಕೋನ, ಎತ್ತರ ಮೂರೂ ಕೆಟ್ಟವು. ಬಾರ್ ಇದ್ದರೆ ಜೋಡಿ ಒಟ್ಟಿಗೇ ಸರಿಯುತ್ತದೆ: ಸದ್ದಿನ ಚಿತ್ರ ಅತ್ತ ಇತ್ತ ಆಗಬಹುದು, ಆದರೆ ಹರಿದುಹೋಗುವುದಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಇಡಬೇಕಾದರೂ ಎತ್ತಿ ಇಟ್ಟರಾಯಿತು.

ಈಗ ನನ್ನ ತಪ್ಪಿಗೆ ಬರೋಣ. 17 ಸೆಂಟಿಮೀಟರ್ ಅನ್ನುವುದು ಎರಡು ಕ್ಯಾಪ್ಸೂಲ್‌ಗಳ ನಡುವಿನ ದೂರ, ಅಂದರೆ ಮೈಕಿನ ಮೂತಿಯಲ್ಲಿ ಜಾಲರಿಯ ಹಿಂದೆ ಕೂತಿರುವ ಆ ಪುಟ್ಟ ಪರದೆಗಳ ನಡುವಿನದು. ನಾನು ಅಳೆದದ್ದು ಬಾರಿನ ಗೆರೆ ನೋಡಿ, ತಿರುಪಿನಿಂದ ತಿರುಪಿಗೆ. ಮೈಕುಗಳು ಹೊರಮುಖವಾಗಿ ಚಾಚಿಕೊಂಡಿದ್ದವಲ್ಲ, ತಿರುಪಿನಿಂದ ಮೂತಿಗೆ 10 ಸೆಂಟಿಮೀಟರ್ ಇತ್ತು. ಒಂದೊಂದು ಮೈಕು ನಡುಗೆರೆಯಿಂದ 55 ಡಿಗ್ರಿ ತಿರುಗಿದೆ. ಹತ್ತನೇ ಕ್ಲಾಸಿನ ಸೈನ್ ನೆನಪಿಸಿಕೊಳ್ಳಿ: 55 ಡಿಗ್ರಿಗೆ 0.82. ಅಂದರೆ ಪ್ರತಿ ಮೂತಿಯೂ ತನ್ನ ತಿರುಪಿಗಿಂತ 8.2 ಸೆಂಟಿಮೀಟರ್ ಹೊರಗೆ. ಎರಡೂ ಕಡೆ ಸೇರಿ 16.4. ನನ್ನ 17ಕ್ಕೆ ಅದನ್ನು ಕೂಡಿಸಿದರೆ ಬಂದದ್ದು 33.4 ಸೆಂಟಿಮೀಟರ್. ಬೇಕಾದದ್ದರ ಎರಡರಷ್ಟು! ರಾತ್ರಿಯಿಡೀ ರೆಕಾರ್ಡ್ ಮಾಡಿ, ಮನೆಗೆ ಬಂದು, ಮೂರನೇ ದಿನ ಮೈಕುಗಳನ್ನು ಮತ್ತೆ ಬಾರಿಗೆ ಸಿಕ್ಕಿಸಿ ಊಟದ ಮೇಜಿನ ಮೇಲಿಟ್ಟು ಮೂತಿಯಿಂದ ಮೂತಿಗೆ ಸ್ಕೇಲು ಹಿಡಿದಾಗಲೇ ಗೊತ್ತಾದದ್ದು.

ತಿರುಗಿಸಿ ಲೆಕ್ಕ ಹಾಕಿದರೆ ಇನ್ನೊಂದು ತಮಾಷೆ. ತಿರುಪಿನಿಂದ ಮೂತಿಗೆ 10 ಸೆಂಟಿಮೀಟರ್ ಇರುವಾಗ ಓಆರ್‌ಟಿಎಫ್ ಬೇಕೆಂದರೆ ತಿರುಪುಗಳ ನಡುವೆ ಇರಬೇಕಾದದ್ದು ಅರ್ಧ ಸೆಂಟಿಮೀಟರ್ ಚಿಲ್ಲರೆ. ಕ್ಲಿಪ್ಪಿನ ಬುಡವೇ ಅದಕ್ಕಿಂತ ಅಗಲ, ಕಟ್ಟಲು ಸಾಧ್ಯವೇ ಇಲ್ಲ. ಹಾಗಾಗಿ ಕ್ಲಿಪ್ಪಿನಲ್ಲಿ ಮೈಕನ್ನು ಹಿಂದಕ್ಕೆ ಜಾರಿಸಿ ಮೂತಿಯ ಹತ್ತಿರ ಹಿಡಿಯಬೇಕು. ಮೂತಿಗೆ 6 ಸೆಂಟಿಮೀಟರ್ ಉಳಿಯುವಂತೆ ಹಿಡಿದರೆ ತಿರುಪುಗಳ ನಡುವೆ 7 ಸೆಂಟಿಮೀಟರ್ ಆಗುತ್ತದೆ, ಆರಾಮ. ಅದೇ ಹಿಡಿತದಲ್ಲಿ ಎನ್‌ಒಎಸ್ ಬೇಕೆಂದರೆ ತಿರುಪಿನ ಅಂತರ ಸುಮಾರು 21.5. ಆದರೆ ತೀರಾ ಮುಂದೆ ಹಿಡಿಯಲು ಹೋಗಬೇಡಿ. ಕ್ಯಾಪ್ಸೂಲಿನ ಹಿಂದೆ ಮೈಕಿನ ಮೈಮೇಲೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಕಾರ್ಡಿಯಾಯ್ಡ್ ಮೈಕಿಗೆ ದಿಕ್ಕಿನ ಬುದ್ಧಿ ಬರುವುದೇ ಆ ಸೀಳುಗಳಿಂದ ಒಳಗೆ ಹೋಗುವ ಸದ್ದಿನಿಂದ. ಕ್ಲಿಪ್ಪೋ ಟೇಪೋ ಅದನ್ನು ಮುಚ್ಚಿದರೆ ಮೈಕು ಓಮ್ನಿಯ ಹಾದಿ ಹಿಡಿಯುತ್ತದೆ, 110 ಡಿಗ್ರಿಗೆ ಅರ್ಥವೇ ಉಳಿಯುವುದಿಲ್ಲ.

ಎಕ್ಸ್‌ವೈಗೆ ಕೆಲಸ ಉಲ್ಟಾ. ಬಾಲಗಳು ದೂರ, ಮೂತಿಗಳು ಒಳಮುಖವಾಗಿ ಬಂದು ಒಂದರ ಮೇಲೊಂದು ಕೂರಬೇಕು. ಎಡಗಡೆ ಕ್ಲಿಪ್ಪಿನ ಮೈಕು ಬಲಕ್ಕೆ ನೋಡುತ್ತದೆ, ಬಲಗಡೆಯದು ಎಡಕ್ಕೆ. ಇಲ್ಲಿ ಕೇಬಲ್ ಅದಲು ಬದಲು ಮಾಡದವರಿಲ್ಲ! ಎಡಕ್ಕೆ ನೋಡುವ ಮೈಕು ಎಡ ಚಾನೆಲ್, ಅದು ಬಾರಿನ ಯಾವ ತುದಿಯಲ್ಲಿದ್ದರೂ ಸರಿ. ಒಂದೇ ಎತ್ತರದಲ್ಲಿ ಎರಡು ಮೂತಿ ಕೂರಿಸಲಾಗದು, ಹಾಗಾಗಿ ಒಂದು ಕ್ಲಿಪ್ಪಿನ ಕೆಳಗೆ ಮೈಕಿನ ದಪ್ಪಕ್ಕಿಂತ ತುಸು ಎತ್ತರದ ಒಂದು ಗುಬಟು (ಎತ್ತರಿಸುವ ತುಂಡು) ಬೇಕು. ಮೇಲೆ ಕೆಳಗೆ 2 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ತೊಂದರೆಯಿಲ್ಲ. ಎಡ ಬಲ ಹೇಳುವುದು ಅಡ್ಡ ಅಂತರ, ಅದು ಸೊನ್ನೆಯೇ ಇರುತ್ತದೆ.

ಅಂತರ, ಕೋನ ಕೂಡಿತು ಎಂದಿಟ್ಟುಕೊಳ್ಳಿ. ಬಾರನ್ನು ಎಷ್ಟು ದೂರದಲ್ಲಿ ನಿಲ್ಲಿಸುವುದು? ಬಹಳ ಜನ ತಲೆಕೆಳಗಾಗಿ ಯೋಚಿಸುವುದು ಇಲ್ಲಿ. ಮೈಕುಗಳ ನಡುವಿನ ಕೋನ ಹಿಗ್ಗಿಸಿದರೆ ಹೆಚ್ಚು ಅಗಲದ ವೇದಿಕೆ ಹಿಡಿಯಬಹುದು ಎಂದು ಮನಸ್ಸು ಹೇಳುತ್ತದೆ. ಆಗುವುದು ಅದರ ವಿರುದ್ಧ. ಒಂದು ದನಿ ಪೂರ್ತಿ ಒಂದು ಸ್ಪೀಕರಿಗೆ ಅಂಟಿಕೊಳ್ಳಲು ಇಂತಿಷ್ಟು ವ್ಯತ್ಯಾಸ ಬೇಕು ಎಂದಿದೆಯಲ್ಲ, ಮೈಕುಗಳನ್ನು ಹೆಚ್ಚು ತಿರುಗಿಸಿದಷ್ಟೂ, ದೂರ ಇಟ್ಟಷ್ಟೂ ಆ ವ್ಯತ್ಯಾಸ ಬೇಗ ತುಂಬಿಬಿಡುತ್ತದೆ. ಅಂದರೆ ವೇದಿಕೆಯ ಇನ್ನೂ ಕಿರಿದಾದ ತುಂಡು ಎರಡು ಸ್ಪೀಕರುಗಳ ನಡುವಿನ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಅದರಾಚೆ ಕೂತವರೆಲ್ಲ ಒಂದೇ ಸ್ಪೀಕರಿನಲ್ಲಿ ರಾಶಿ. ಈ ತುಂಡಿನ ಅಗಲವನ್ನು ರೆಕಾರ್ಡಿಂಗ್ ಕೋನ ಅನ್ನಬಹುದು. 90 ಡಿಗ್ರಿ ಎಕ್ಸ್‌ವೈಗೆ ಅದು ಸುಮಾರು 180 ಡಿಗ್ರಿ, ಓಆರ್‌ಟಿಎಫ್‌ಗೆ ಸುಮಾರು 95, ಎನ್‌ಒಎಸ್‌ಗೆ ಸುಮಾರು 80. ಮೈಕಲ್ ವಿಲಿಯಮ್ಸ್ ಎಂಬವರು 1980ರ ದಶಕದಲ್ಲಿ ಎಲ್ಲ ಅಂತರ, ಕೋನಗಳಿಗೂ ಇದರ ನಕ್ಷೆಗಳನ್ನೇ ಬಿಡಿಸಿಟ್ಟಿದ್ದಾರೆ.

ತಾಳಮದ್ದಳೆಗೆ ಇದನ್ನು ಹಚ್ಚಿ ನೋಡಿ. ಯಕ್ಷಗಾನದ ಹಾಗೆ ಕುಣಿತವಿಲ್ಲ, ಯಾರೂ ಜಾಗ ಬದಲಿಸುವುದಿಲ್ಲ. ಹಿಂದೆ ನಡುವೆ ಭಾಗವತರು, ಮದ್ದಳೆ, ಚೆಂಡೆ; ಮುಂದೆ ಎರಡು ಬದಿಗೆ ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತಾಡುವವರು, ಎದುರುಬದುರು. ವಾದ ಇರುವುದೇ ಎಡ ಬಲದ ನಡುವೆ. ಸ್ಟೀರಿಯೊಗೆಂದೇ ಹೇಳಿ ಮಾಡಿಸಿದ ಕಲೆ ಇದು ಅನ್ನುವುದು ನನ್ನ ಅಭಿಮಾನ, ಬೇಕಾದರೆ ನಗಿ. ಎರಡು ಬದಿಯ ಅರ್ಥಧಾರಿಗಳ ನಡುವೆ 3 ಮೀಟರ್ ಇದ್ದು, ಅವರ ಸಾಲಿನಿಂದ ಒಂದೂವರೆ ಮೀಟರ್ ಮುಂದೆ ಬಾರ್ ನಿಲ್ಲಿಸಿದರೆ, ಬಾರಿನ ಕಣ್ಣಿಗೆ ಅವರು 90 ಡಿಗ್ರಿ ಅಗಲದಲ್ಲಿ ಕಾಣುತ್ತಾರೆ. ಓಆರ್‌ಟಿಎಫ್‌ನ 95ರೊಳಗೆ ಚೊಕ್ಕವಾಗಿ ಕೂರುತ್ತದೆ. ನನ್ನ ಆ ರಾತ್ರಿಯ 33 ಸೆಂಟಿಮೀಟರಿನ ಜೋಡಿಗೆ ರೆಕಾರ್ಡಿಂಗ್ ಕೋನ ಎನ್‌ಒಎಸ್‌ಗಿಂತಲೂ ಕಿರಿದಾಗಿತ್ತು, ಆದ್ದರಿಂದ ವಾಲಿಯೂ ರಾಮನೂ ಅಂಚಿನಾಚೆ ಬಿದ್ದು ಡಬ್ಬಿ ಸೇರಿದರು. ಬಾರನ್ನು 3 ಮೀಟರಿಗೆ ಒಯ್ದಿದ್ದರೆ ಅದೇ ಇಬ್ಬರು 53 ಡಿಗ್ರಿಯಲ್ಲಿ ಕಾಣುತ್ತಿದ್ದರು, ತಪ್ಪಿದ ಜೋಡಣೆಯಲ್ಲೂ ಒಳಗೇ ಇರುತ್ತಿದ್ದರು. ಆದರೆ ಅಷ್ಟು ದೂರಕ್ಕೆ ಭವನದ ಗೋಡೆಯ ಮಾರ್ದನಿ ಮಾತಿನ ಮೇಲೆ ಕವಿದುಕೊಳ್ಳುತ್ತದೆ. ಅರ್ಥಗಾರಿಕೆಯಲ್ಲಿ ಪದ ಪದವೂ ಕೇಳಬೇಕು, ಅಲ್ಲಿ ರಾಜಿಯಿಲ್ಲ.

ಒಂದೂವರೆ ಮೀಟರ್ ಅಂದರೆ ಮೊದಲ ಸಾಲಿನವರ ಮೂಗಿನ ಮುಂದೆ. ಎರಡು ಮೈಕು ಎರಡು ಕಡೆ ಚಾಚಿಕೊಂಡ ಬಾರ್ ಹಿಂದಿನಿಂದ ನೋಡಿದರೆ ಕೋಣನ ತಲೆಯ ಹಾಗೇ ಕಾಣುತ್ತದೆ. "ಆ ಕೊಂಬು ಆಚೆ ತೆಗೀರಿ ಮಾರಾಯ್ರೆ, ಕೃಷ್ಣನ ಮುಖ ಕಾಣುದಿಲ್ಲ" ಎಂದು ಹಿರಿಯರೊಬ್ಬರಿಂದ ಬೈಸಿಕೊಂಡಿದ್ದೇನೆ. ಈಗ ಸ್ಟ್ಯಾಂಡನ್ನು ಎರಡು ಮೀಟರ್ ಎತ್ತರಿಸಿ, ಬಾರನ್ನು ಕೆಳಮುಖವಾಗಿ ವಾಲಿಸುತ್ತೇನೆ.

ಎತ್ತರಿಸಿದಾಗ ಹೊಸ ಪೀಡೆಗಳು ಶುರು. ಸೀಲಿಂಗ್ ಫ್ಯಾನಿಗೆ ಹತ್ತಿರವಾಗುತ್ತದೆ. ಆ ಗಾಳಿ ಕಂಡೆನ್ಸರ್ ಮೈಕಿಗೆ ಗುಡುಗಿನಂತೆ ಬಡಿಯುತ್ತದೆ, ಫೋಮ್ ಟೊಪ್ಪಿ ಇಲ್ಲದೆ ಆಗದು. ಒಂದೇ ಕಂಬದ ತುದಿಗೆ ಎರಡು ಮೈಕು, ಎರಡು ಕೇಬಲ್ ತೂಗುವುದರಿಂದ ಬಾರ್ ಮೆಲ್ಲಗೆ ಸುತ್ತು ಹಾಕಲು ಹೊರಡುತ್ತದೆ: ಹತ್ತು ಗಂಟೆಗೆ ಭಾಗವತರನ್ನು ನೋಡುತ್ತಿದ್ದದ್ದು ಎರಡು ಗಂಟೆಗೆ ಚೆಂಡೆಯನ್ನು ನೋಡುತ್ತಿರುತ್ತದೆ. ನಡುವಿನ ತಿರುಪಿಗೆ ಒಂದು ರಬ್ಬರ್ ವಾಶರ್ ಹಾಕಿ, ಎರಡೂ ಕೇಬಲನ್ನು ಒಂದು ಸುತ್ತು ಸಡಿಲ ಬಿಟ್ಟು ಸ್ಟ್ಯಾಂಡಿಗೆ ಕಟ್ಟಿದರೆ ಭಾರ ಕಂಬಕ್ಕೆ ಹೋಗುತ್ತದೆ, ಬಾರಿಗಲ್ಲ. ಕಂಬ ಒಂದೇ ಆದ್ದರಿಂದ ನೆಲದ ಸದ್ದೂ ಇಬ್ಬರಿಗೂ ಪಾಲು. ಮರದ ವೇದಿಕೆಯ ಮೇಲೆ ಯಾರಾದರೂ ನಡೆದರೆ ದಬ್ ದಬ್ ಎನ್ನುವುದು ಎರಡೂ ಚಾನೆಲಿನಲ್ಲಿ, ಸರಿಯಾಗಿ ನಟ್ಟನಡುವೆ. ಸ್ಟ್ಯಾಂಡನ್ನು ವೇದಿಕೆಯಿಂದ ಇಳಿಸಿ ಕೆಳಗಿನ ನೆಲಕ್ಕೆ ತಂದರೆ ಮುಕ್ಕಾಲು ಪಾಲು ಹೋಗುತ್ತದೆ.

ಬಾರ್ ಕೊಳ್ಳುವುದೇ ಬೇಡ, ಲೇತ್ ಅಂಗಡಿಯಲ್ಲಿ ಮಾಡಿಸುತ್ತೇನೆ ಎನ್ನುವವರಿಗೆ ಒಂದು ಮಾತು. ಮೈಕ್ ಸ್ಟ್ಯಾಂಡಿನ ಮರೆಗಳಲ್ಲಿ ಎರಡು ಜಾತಿ. ಯುರೋಪಿನ ಕಡೆಯದು 3/8 ಇಂಚು, ಇಂಚಿಗೆ 16 ಸುತ್ತು; ಹಾರ್ಡ್‌ವೇರ್ ಅಂಗಡಿಯ ಮಾಮೂಲಿ 3/8 ಬೋಲ್ಟಿನಲ್ಲೂ 16 ಸುತ್ತೇ, ಹೊಂದುತ್ತದೆ. ಅಮೆರಿಕದ ಕಡೆಯದು 5/8 ಇಂಚು, ಇಂಚಿಗೆ 27 ಸುತ್ತು. ಅಂಗಡಿಯ 5/8 ಬೋಲ್ಟಿನಲ್ಲಿ ಇರುವುದು 11 ಸುತ್ತು, ಅದು ಜನ್ಮದಲ್ಲಿ ಕೂರುವುದಿಲ್ಲ. ಹಾಗಾಗಿ ಪಟ್ಟಿಯನ್ನು 3/8ಕ್ಕೇ ಮಾಡಿಸಿ, ಮಿಕ್ಕದ್ದಕ್ಕೆ ಚಿಕ್ಕ ಹಿತ್ತಾಳೆ ಅಡಾಪ್ಟರ್ ಇಟ್ಟುಕೊಳ್ಳಿ, ನಾಲ್ಕೈದು ಇರಲಿ. ಅದು ಕಳೆದುಹೋಗುವ ವೇಗ ಬೇರೆ ಯಾವ ಸಾಮಾನಿಗೂ ಇಲ್ಲ. ಪಟ್ಟಿ 5 ಮಿಲಿಮೀಟರಾದರೂ ದಪ್ಪದ ಅಲ್ಯೂಮಿನಿಯಂ ಆದರೆ ಸಾಕು.

ಎರಡು ಮೈಕು ಒಂದೇ ಮಾಡೆಲ್ ಆಗಿರಬೇಕು, ಎರಡರ ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಒಂದೇ ಇರಬೇಕು. ಪ್ಯಾನ್, ಅಂದರೆ ಸದ್ದನ್ನು ಎಡಕ್ಕೋ ಬಲಕ್ಕೋ ಹಂಚುವ ಗುಂಡಿ, ಪೂರ್ತಿ ಎಡ, ಪೂರ್ತಿ ಬಲ. ಒಂದು ಕೇಬಲಿನ ಒಳಗೆ ತಂತಿ ಅದಲು ಬದಲಾಗಿದ್ದರೆ ನಡುವಿನ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ತಲೆಯ ಹಿಂದೆಲ್ಲೋ ತೇಲುತ್ತದೆ; ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಈ ನಡುವಿನ ದನಿಯ ಮೋಡಿಗೇ ಮರುಳಾದವರು ಅಲನ್ ಬ್ಲೂಮ್‌ಲೈನ್. ಲಂಡನ್ನಿನಲ್ಲಿ ಇಎಂಐ ಕಂಪನಿಯ ಎಂಜಿನಿಯರ್. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದಾಗ, ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ಮಾತು ಒಂದೇ ಕಡೆಯಿಂದ ಬರುತ್ತಿದೆಯಲ್ಲ ಎನ್ನಿಸಿ, ಇದಕ್ಕೊಂದು ದಾರಿಯಿದೆ ಎಂದರಂತೆ. 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಎರಡು ಮೈಕುಗಳನ್ನು ಒಂದೇ ಜಾಗದಲ್ಲಿ 90 ಡಿಗ್ರಿಗೆ ತಿರುಗಿಸಿಡುವ ಜೋಡಣೆ ಇಂದಿಗೂ ಅವರ ಹೆಸರಿನಲ್ಲಿದೆ. ಎಂಟರ ಆಕಾರದಲ್ಲಿ ಹಿಂದೆ ಮುಂದೆ ಎರಡೂ ಕಡೆ ಕೇಳುವ ಮೈಕುಗಳು ಅದಕ್ಕೆ. 1934ರಲ್ಲಿ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ನಡೆಸಿದ ಲಂಡನ್ ಫಿಲ್ಹಾರ್ಮೋನಿಕ್‌ನ ವಾದನವನ್ನು ಸ್ಟೀರಿಯೊದಲ್ಲಿ ಮುದ್ರಿಸಿದರು. ಎಂಟು ವರ್ಷದ ನಂತರ, 1942ರಲ್ಲಿ, ರೇಡಾರ್ ಪರೀಕ್ಷೆಯ ವಿಮಾನ ಉರುಳಿ ಬಿದ್ದು ತೀರಿಕೊಂಡಾಗ ಅವರಿಗೆ 38. ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದನ್ನು ನೋಡಲಿಲ್ಲ.

ನಮ್ಮ ಕೇಳುಗರ ಕಥೆ ಬೇರೆ. ಅಷ್ಟೆಲ್ಲ ಪಾಡುಪಟ್ಟು ಎಡ ಬಲ ಬಿಡಿಸಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು, ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಫೋನಿನ ಒಂದೇ ಸ್ಪೀಕರಿನಲ್ಲಿ ಕೇಳುತ್ತಾರೆ. ಆಗ ಎರಡೂ ಚಾನೆಲ್ ಕೂಡಿ ಒಂದಾಗುತ್ತವೆ. ಹೊತ್ತಿನ ವ್ಯತ್ಯಾಸ ಇರುವ ಎರಡು ಸದ್ದು ಕೂಡಿದರೆ ಕೆಲವು ಸ್ವರಗಳು ಒಂದನ್ನೊಂದು ತಿನ್ನುತ್ತವೆ. 17 ಸೆಂಟಿಮೀಟರ್ ಅಂತರದಲ್ಲಿ, ನೇರ ಪಕ್ಕದಿಂದ ಬಂದ ಸದ್ದಿಗೆ ತಡ ಅರ್ಧ ಮಿಲಿಸೆಕೆಂಡ್. ಹಾಗೆ ತಿಂದುಹೋಗುವ ಮೊದಲ ತಗ್ಗು ಬೀಳುವುದು ಸುಮಾರು 1000 ಹರ್ಟ್ಸ್‌ನಲ್ಲಿ, ಮಾತಿನ ಹೊಟ್ಟೆಯಲ್ಲೇ. ಓಆರ್‌ಟಿಎಫ್‌ನಲ್ಲಿ ಎರಡರ ಜೋರು ಬೇರೆ ಬೇರೆ ಇರುವುದರಿಂದ ಪೂರ್ತಿ ತಿನ್ನಲಾಗದು, ಬರೀ ಸ್ವಲ್ಪ ಟೊಳ್ಳು ಕೇಳುತ್ತದೆ. ದೂರ ಇಟ್ಟ ಓಮ್ನಿ ಜೋಡಿಯಲ್ಲಿ ಇದು ಇನ್ನೂ ಎದ್ದು ಕೇಳುತ್ತದೆ. ಎಕ್ಸ್‌ವೈಯಲ್ಲಿ ತಡವೇ ಇಲ್ಲ, ಹಾಗಾಗಿ ಈ ರೋಗವೂ ಇಲ್ಲ. ಫೋನಿಗೆ ಮಾತ್ರ ಹೋಗುವ ರೆಕಾರ್ಡಿಂಗ್ ಆದರೆ ಕಣ್ಣು ಮುಚ್ಚಿ ಎಕ್ಸ್‌ವೈ ಕಟ್ಟುತ್ತೇನೆ, ಚಪ್ಪಟೆಯಾದರೂ ಚಿಂತೆಯಿಲ್ಲ. ಹೆಡ್‌ಫೋನಿನಲ್ಲಿ ಕೇಳುವವರಿದ್ದಾರೆ ಎಂದು ಗೊತ್ತಿದ್ದರೆ ಓಆರ್‌ಟಿಎಫ್. ಅದರ 17 ಸೆಂಟಿಮೀಟರ್ ನಮ್ಮ ಎರಡು ಕಿವಿಗಳ ನಡುವಿನ ದೂರದ ಆಸುಪಾಸಿನದೇ ಆದ್ದರಿಂದ ಹೆಡ್‌ಫೋನಿಗೆ ಹಿತವಾಗಿ ಒಗ್ಗುತ್ತದೆ.

ಈಗಿನ ನನ್ನ ಕ್ರಮ ಇಷ್ಟು. ಆಟಕ್ಕೆ ಅರ್ಧ ಗಂಟೆ ಮೊದಲು ಯಾರಾದರೂ ಹುಡುಗನನ್ನು ಹಿಡಿದು, ವೇದಿಕೆಯ ಎಡ ತುದಿಯಿಂದ ಬಲ ತುದಿಗೆ ಒಂದು ಎರಡು ಮೂರು ಎಂದು ಎಣಿಸುತ್ತ ನಡೆಯಲು ಹೇಳುತ್ತೇನೆ. ಹೆಡ್‌ಫೋನಿನಲ್ಲಿ ಅವನು ಒಂದೇ ಸಮನಾಗಿ ನಡೆದರೆ ಸರಿ. ಮೂರಕ್ಕೆ ಎಡದಲ್ಲಿದ್ದವನು ನಾಲ್ಕಕ್ಕೆ ಬಲಕ್ಕೆ ನೆಗೆದರೆ ಅಂತರ ಹೆಚ್ಚಾಗಿದೆ. ಹತ್ತು ಎಣಿಸಿದರೂ ನಡುವೆಯೇ ತೆವಳುತ್ತಿದ್ದರೆ ಬಾರ್ ತೀರಾ ದೂರ ಇದೆ. ಅಂತರ ಕೂಡಿಸಲು ಟೇಪು ತೆಗೆಯುವುದಿಲ್ಲ. ಬಾರಿನ ಗಾಡಿಯ ಮೇಲೆ ಹೆಂಡತಿಯ ಉಗುರು ಬಣ್ಣದಲ್ಲಿ ಗುರುತು ಹಾಕಿಟ್ಟಿದ್ದೇನೆ, ಕೆಂಪು ಓಆರ್‌ಟಿಎಫ್, ಗುಲಾಬಿ ಎಕ್ಸ್‌ವೈ. ಮೈಕಿನ ಮೈಮೇಲೂ ಕ್ಲಿಪ್ಪು ಎಲ್ಲಿ ಹಿಡಿಯಬೇಕೆಂದು ಒಂದೊಂದು ಚುಕ್ಕೆ. ಕಳೆದ ತಿಂಗಳು ಗೆಳೆಯನೊಬ್ಬ ತನ್ನ ಉದ್ದನೆಯ ಮೈಕುಗಳನ್ನು ತಂದು ಅದೇ ಕೆಂಪು ಗುರುತಿಗೆ ಸಿಕ್ಕಿಸಿದ. ನಾನು ಜೇಬಿನಿಂದ ಸ್ಕೇಲು ತೆಗೆದು ಅವನ ಕೈಗೆ ಕೊಟ್ಟೆ.